ನಡುರಾತ್ರಿಯ ಆಟ

ಮೊದಲು ಬರುವುದು ಸದ್ದು. ದೀಪಗಳು ಆರಿ, ಪರದೆಯ ಮೇಲೆ ಇನ್ನೂ ಏನೂ ಮೂಡದಿರುವಾಗಲೇ ಥಿಯೇಟರಿನ ತುಂಬ ಗುಂಯ್‌ಕಾರ ಹಬ್ಬುತ್ತದೆ. ಎಲ್ಲೋ ದೂರದಲ್ಲಿ ದೊಡ್ಡ ಬಾಯ್ಲರ್ ಉರಿಯುತ್ತಿರಬೇಕು, ಅದರ ಮೇಲೆ ಗಾಳಿ ಬೀಸುತ್ತಿರಬೇಕು ಅನ್ನಿಸುವಂಥ ಸದ್ದು. ನಿಮ್ಮ ಕುರ್ಚಿಯ ಕೈ ಸಣ್ಣಗೆ ನಡುಗಿತೆ? ನಡುಗಿರಬಹುದು. ಹೊರಗಿನ ಸಿಕ್ಸ್ತ್ ಅವೆನ್ಯೂ ಬೀದಿಯ ಅಡಿಯಲ್ಲಿ ಸಬ್‌ವೇ ರೈಲು ಓಡುತ್ತದೆ, ವೆಸ್ಟ್ ಫೋರ್ತ್ ಸ್ಟ್ರೀಟ್ ನಿಲ್ದಾಣ ಇಲ್ಲೇ ಮಗ್ಗುಲಲ್ಲಿದೆ. ಯಾವುದು ರೈಲಿನದು, ಯಾವುದು ಸಿನಿಮಾದ್ದು ಎಂದು ಬೇರ್ಪಡಿಸಲು ಹೋಗಬೇಡಿ. ಮುಂದಿನ 89 ನಿಮಿಷ ಅದು ಆಗುವ ಕೆಲಸವಲ್ಲ.

1980ರ ಜನವರಿಯ ಒಂದು ಶನಿವಾರ, ರಾತ್ರಿ ಹನ್ನೆರಡು ದಾಟಿದೆ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿರುವ ವೇವರ್ಲಿ ಥಿಯೇಟರ್. ಒದ್ದೆ ಉಣ್ಣೆ ಕೋಟು, ಬೆಣ್ಣೆ ಸುರಿದ ಪಾಪ್‌ಕಾರ್ನ್, ಬಾಲ್ಕನಿಯಲ್ಲಿ ಯಾರೋ ಹಚ್ಚಿದ ಗಾಂಜಾ, ಎಲ್ಲದರ ವಾಸನೆ ಕಲೆತು ನಿಂತಿದೆ. ನಡುರಾತ್ರಿಯ ಆಟ ಈ ಊರಿಗೆ ಹೊಸದಲ್ಲ. 1970ರ ಡಿಸೆಂಬರಿನಲ್ಲಿ ಎಲ್ಗಿನ್ ಥಿಯೇಟರಿನ ಬೆನ್ ಬ್ಯಾರೆನ್‌ಹೋಲ್ಟ್ಸ್ 'ಎಲ್ ಟೋಪೊ' ಎಂಬ ವಿಚಿತ್ರ ಚಿತ್ರವನ್ನು ಈ ಹೊತ್ತಿಗೆ ಹಾಕಿ, ಬಾಯಿಂದ ಬಾಯಿಗೆ ಹರಡಿದ ಮಾತಿನ ಬಲದಿಂದಲೇ ತಿಂಗಳುಗಟ್ಟಲೆ ಓಡಿಸಿದ. 'ರಾಕಿ ಹಾರರ್ ಪಿಕ್ಚರ್ ಶೋ' 1976ರಲ್ಲಿ ನಡುರಾತ್ರಿಯ ಚಿತ್ರವಾಗಿ ಹೊಸ ಜನ್ಮ ಪಡೆದದ್ದು ಇದೇ ವೇವರ್ಲಿಯಲ್ಲಿ. ಜನ ಪರದೆಗೆ ಎದುರುತ್ತರ ಕೊಡುವ, ಅಕ್ಕಿ ಎರಚುವ ಚಾಳಿ ಬೆಳೆದದ್ದು ಆ ಚಿತ್ರದಿಂದ.

ಇವತ್ತಿನ ಚಿತ್ರವನ್ನು ಹಂಚುತ್ತಿರುವವನೂ ಬ್ಯಾರೆನ್‌ಹೋಲ್ಟ್ಸೇ. 1977ರಲ್ಲಿ ಸಿನಿಮಾ ವಿಲೇಜ್ ಥಿಯೇಟರಿನಲ್ಲಿ ನಡುರಾತ್ರಿಗೆ ಶುರುವಾದಾಗ ಬಂದವರು ಬೆರಳೆಣಿಕೆ. ಆತ ತೆಗೆದು ಹಾಕಲಿಲ್ಲ, ಕಾದ. ವೇವರ್ಲಿಯಲ್ಲಿ ಇದು ಒಟ್ಟು 99 ವಾರ ಓಡಲಿದೆ. ಚಿತ್ರದ ಹೆಸರು 'ಇರೇಸರ್‌ಹೆಡ್'. ಮಾಡಿದವನು ಡೇವಿಡ್ ಲಿಂಚ್, ಅವನ ಮೊದಲ ಪೂರ್ಣಾವಧಿ ಚಿತ್ರ. ಈ ಸಾಲುಗಳಲ್ಲಿ ಕೂತ ಬಹಳಷ್ಟು ಮಂದಿಗೆ ಆ ಹೆಸರು ಇನ್ನೂ ಏನನ್ನೂ ಹೇಳುವುದಿಲ್ಲ. ರಾಕಿ ಹಾರರ್‌ಗೆ ಬಂದವರು ಕಿರುಚಾಡುತ್ತಾರೆ. ಇಲ್ಲಿಗೆ ಬಂದವರು ಕೋಟು ಬಿಚ್ಚದೆ, ಕೈ ಕಟ್ಟಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾರೆ.

ಈಗ ಚಿತ್ರ ಮೂಡುತ್ತದೆ. ನಕ್ಷತ್ರಗಳ ನಡುವೆ ಅಡ್ಡಡ್ಡ ತೇಲುವ ಗಂಡಸಿನ ತಲೆ, ಕೂದಲು ನೆಟ್ಟಗೆ ಮೇಲೆದ್ದಿದೆ. ತಲೆಯೊಳಗಿಂದ ಹಾದು ಕಾಣುವ ಬರಡು ಗ್ರಹ. ಕ್ಯಾಮೆರಾ ಆ ಗ್ರಹದ ಬಿರುಕುಗಳ ಮೇಲೆ ತೆವಳಿ, ಮಾಡಿನ ತೂತೊಂದರಿಂದ ಒಳಗಿಳಿಯುತ್ತದೆ. ಒಡೆದ ಕಿಟಕಿಯ ಪಕ್ಕ ಮೈತುಂಬ ಗಾಯದ ಗಂಟುಗಳಿರುವ ಮನುಷ್ಯ ಕೂತಿದ್ದಾನೆ, ಎದುರಿಗೆ ಕಬ್ಬಿಣದ ಲಿವರ್‌ಗಳು. ತೇಲುವ ತಲೆಯ ಬಾಯಿ ತೆರೆಯುತ್ತದೆ. ಅದರಿಂದ ಹುಳುವಿನಂಥ, ಹೊಕ್ಕುಳಬಳ್ಳಿಯಂಥ ಬಿಳಿಯದೇನೋ ಹೊರಬರುತ್ತದೆ. ಗಾಯದ ಮನುಷ್ಯ ಲಿವರ್ ಎಳೆಯುತ್ತಾನೆ, ಆ ಬಿಳಿಯದು ಚಿಮ್ಮಿ ಹೋಗಿ ನೀರಿನ ಗುಂಡಿಗೆ ಬೀಳುತ್ತದೆ. ನಿಮ್ಮ ಮುಂದಿನ ಸಾಲಿನ ಹುಡುಗ ಕಿಸಕ್ಕನೆ ನಗುತ್ತಾನೆ. ಯಾರೂ ಜೊತೆ ಕೊಡುವುದಿಲ್ಲ, ನಿಲ್ಲಿಸುತ್ತಾನೆ. ಮೊದಲ ಮಾತು ಕೇಳಲು ಸುಮಾರು ಹತ್ತು ನಿಮಿಷ ಕಾಯಬೇಕು.

ಆ ತಲೆಯವನ ಹೆಸರು ಹೆನ್ರಿ ಸ್ಪೆನ್ಸರ್. ಅಚ್ಚುಕೂಟದ ಕೆಲಸಗಾರ, ಸದ್ಯ ರಜೆಯಲ್ಲಿದ್ದಾನೆ. ಬಿಗಿ ಕೋಟು, ಜೇಬಿನಲ್ಲಿ ಸಾಲು ಪೆನ್ನು, ಕಂಕುಳಲ್ಲಿ ದಿನಸಿಯ ಕಾಗದದ ಚೀಲ. ಕಾರ್ಖಾನೆಗಳ ಗೋಡೆ ಬದಿಯಲ್ಲಿ, ಮಣ್ಣಿನ ದಿಬ್ಬಗಳನ್ನು ಹತ್ತಿ ಇಳಿದು ಮೂಕಿ ಚಿತ್ರದ ವಿದೂಷಕನ ಹೆಜ್ಜೆ ಹಾಕುತ್ತ ಬರುತ್ತಾನೆ. ಕೊಚ್ಚೆಗುಂಡಿಗೆ ಕಾಲಿಡುತ್ತಾನೆ. ಊರಿನಲ್ಲಿ ಬೇರೆ ನರಪಿಳ್ಳೆಯಿಲ್ಲ. ಇರುವುದು ಯಂತ್ರಗಳ ಸದ್ದು ಮಾತ್ರ, ಯಂತ್ರವೊಂದೂ ಕಣ್ಣಿಗೆ ಬೀಳುವುದಿಲ್ಲ. ಲಿಂಚ್ ಚಿತ್ರಕಲೆ ಕಲಿಯಲು 1960ರ ದಶಕದಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ, ಅಲ್ಲಿ ಶವಾಗಾರದ ಹತ್ತಿರ ಮನೆ ಮಾಡಿದ್ದವನು. ಆ ಊರಿನ ಮಸಿ, ಹಿಂಸೆ, ಭಯ ಎಲ್ಲವನ್ನೂ ಹೊತ್ತುಕೊಂಡೇ ಕ್ಯಾಲಿಫೋರ್ನಿಯಾಕ್ಕೆ ಬಂದ. ಬಿಸಿಲಿನ ಊರಿನಲ್ಲಿ ಕೂತು ಈ ಕತ್ತಲೆಯನ್ನು ಕಟ್ಟಿದ.

ಹೆನ್ರಿ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತುತ್ತಾನೆ. ಬಾಗಿಲು ಮುಚ್ಚುವುದಿಲ್ಲ. ಅವನು ಕಾಯುತ್ತಾನೆ, ನೀವೂ ಕಾಯುತ್ತೀರಿ. ಬೇರೆ ಯಾರೇ ಆಗಿದ್ದರೂ ಕತ್ತರಿಸಿ ಬಿಸಾಡುತ್ತಿದ್ದ ಕ್ಷಣಗಳು ಇವು. ಲಿಂಚ್ ಅವನ್ನೇ ಉಳಿಸಿಕೊಂಡು, ಉಳಿದವರು ಕತೆ ಅನ್ನುವುದನ್ನು ಬಿಸಾಡಿದ್ದಾನೆ. ಕೊನೆಗೆ ಬಾಗಿಲು ಮುಚ್ಚಿ, ದೀಪ ಮಿಣುಕಿ, ಮೇಲಿನ ಮಹಡಿ ಬಂದು, ಹೆನ್ರಿ ತನ್ನ ಕೋಣೆ ತಲುಪುತ್ತಾನೆ. ಕಬ್ಬಿಣದ ಮಂಚ, ಗ್ರಾಮಫೋನು, ಇಟ್ಟಿಗೆ ಗೋಡೆಗೆ ತೆರೆಯುವ ಕಿಟಕಿ. ಮಂಚದ ಪಕ್ಕದ ಮೇಜಿನ ಮೇಲೆ ಬರೀ ಮಣ್ಣಿನ ಗುಡ್ಡೆ, ಅದರಲ್ಲಿ ನೆಟ್ಟ ಒಣ ಕಡ್ಡಿ. ಗೋಡೆಯಲ್ಲಿ ರೇಡಿಯೇಟರ್, ಅಂದರೆ ಚಳಿಯೂರಿನ ಮನೆಗಳಲ್ಲಿ ಬಿಸಿ ಆವಿ ಹಾಯಿಸಿ ಕೋಣೆ ಬೆಚ್ಚಗಿಡುವ ಕಬ್ಬಿಣದ ಕೊಳವೆಗಳ ಚೌಕಟ್ಟು. ಅದು ಬುಸುಗುಡುತ್ತದೆ. ಹೆನ್ರಿ ಒದ್ದೆ ಕಾಲುಚೀಲವನ್ನು ಅದರ ಮೇಲೆ ಹರವುತ್ತಾನೆ.

ಇನ್ನೊಂದು ಬಾಗಿಲಿನ ಸಂಗತಿ ಹೇಳಬೇಕು. ಹೆನ್ರಿ ಕಾರಿಡಾರ್ ದಾಟಿ ಬಂದು ಬಾಗಿಲ ಹಿಡಿ ತಿರುಗಿಸುವ ಶಾಟ್ ಚಿತ್ರದಲ್ಲಿದೆ. ಮುಂದಿನ ಶಾಟ್‌ನಲ್ಲಿ ಅವನು ಒಳಗೆ ಬರುತ್ತಾನೆ. ಇವೆರಡರ ನಡುವೆ ಒಂದೂವರೆ ವರ್ಷ ಕಳೆದಿದೆ. ನಿಮ್ಮ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ: ಅದೇ ಕೋಟು, ಅದೇ ಕೂದಲು, ಅದೇ ಪೆಚ್ಚುಮೋರೆ. ಜ್ಯಾಕ್ ನ್ಯಾನ್ಸ್ ಎಂಬ ನಟ ಆ ಕೂದಲನ್ನು ಹಾಗೇ ಉಳಿಸಿಕೊಂಡು ವರ್ಷಗಟ್ಟಲೆ ಊರು ತಿರುಗಿದ.

ಇದೆಲ್ಲ ನಡೆದದ್ದು ಕುದುರೆಲಾಯದಲ್ಲಿ. ಲಾಸ್ ಏಂಜಲೀಸ್ ಮಗ್ಗುಲಿನ ಬೆವರ್ಲಿ ಹಿಲ್ಸ್‌ನಲ್ಲಿ ಡೊಹೆನಿ ಎಂಬ ತೈಲ ಕುಬೇರರ ಕುಟುಂಬ 1920ರ ದಶಕದಲ್ಲಿ ಕಟ್ಟಿಸಿದ ಗ್ರೇಸ್ಟೋನ್ ಬಂಗಲೆಯಲ್ಲಿ ಆಗ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಶಾಲೆಯಿತ್ತು. ವಿದ್ಯಾರ್ಥಿ ಲಿಂಚ್ ಇಪ್ಪತ್ತು ಚಿಲ್ಲರೆ ಪುಟದ ಚಿತ್ರಕಥೆ ಒಪ್ಪಿಸಿದ. ಪುಟಕ್ಕೆ ಒಂದು ನಿಮಿಷ ಎಂಬುದು ಸಿನಿಮಾದವರ ರೂಢಿಯ ಲೆಕ್ಕ. ಆ ಲೆಕ್ಕದಲ್ಲಿ ಇದೊಂದು ಕಿರುಚಿತ್ರ ಎಂದುಕೊಂಡು ಶಾಲೆ 10,000 ಡಾಲರ್ ಕೊಟ್ಟಿತು. 1972ರಲ್ಲಿ ಬಂಗಲೆಯ ಲಾಯ ಮತ್ತು ಆಳುಗಳ ಕೋಣೆಗಳಲ್ಲಿ ಚಿತ್ರೀಕರಣ ಶುರುವಾಯಿತು. ಮುಗಿದು ಜನ ನೋಡುವ ಹೊತ್ತಿಗೆ 1977ರ ಮಾರ್ಚ್. ನಡುವೆ ಹಣ ಖಾಲಿಯಾಗಿ ಕೆಲಸ ನಿಲ್ಲುತ್ತಿತ್ತು. ಲಿಂಚ್ 'ವಾಲ್ ಸ್ಟ್ರೀಟ್ ಜರ್ನಲ್' ಪತ್ರಿಕೆ ಹಾಕುವ ಕೆಲಸ ಹಿಡಿದ, ಹೆನ್ರಿಯ ಕೋಣೆಯ ಸೆಟ್ಟಿನಲ್ಲೇ ಮಲಗಿದ. ನ್ಯಾನ್ಸ್‌ನ ಆಗಿನ ಹೆಂಡತಿ ಕ್ಯಾಥರೀನ್ ಕೋಲ್ಸನ್ ಹೋಟೆಲಿನಲ್ಲಿ ಬಡಿಸಿ ಗಳಿಸಿದ್ದನ್ನು ಚಿತ್ರಕ್ಕೆ ಸುರಿದಳು. ಲಿಂಚ್‌ನ ಗೆಳೆಯ ಜ್ಯಾಕ್ ಫಿಸ್ಕ್ ಮತ್ತು ಅವನ ಹೆಂಡತಿ, ನಟಿ ಸಿಸ್ಸಿ ಸ್ಪೇಸೆಕ್ ಹಣ ಕೊಟ್ಟರು. ಲಿವರ್ ಎಳೆಯುವ ಗಾಯದ ಮನುಷ್ಯ ಈ ಫಿಸ್ಕೇ. ಮೊದಲ ಛಾಯಾಗ್ರಾಹಕ ಹರ್ಬರ್ಟ್ ಕಾರ್ಡ್‌ವೆಲ್ ಬಿಟ್ಟುಹೋದ ಮೇಲೆ ಫ್ರೆಡರಿಕ್ ಎಲ್ಮ್ಸ್ ಬಂದ. ಯಾವ ಶಾಟ್ ಯಾರದು ಎಂದು ಹೆಕ್ಕಿ ತೆಗೆಯಲು ನನಗಂತೂ ಬಂದಿಲ್ಲ. ಈ ಕಪ್ಪುಬಿಳುಪು ಚಿತ್ರದಲ್ಲಿ ಇಬ್ಬರ ಕಪ್ಪೂ ಒಂದೇ ಥರದ್ದು. ವಸ್ತುಗಳ ಅಂಚು ಅಲ್ಲಿ ಕರಗಿ ಹೋಗುತ್ತದೆ, ಮೂಲೆಯಲ್ಲಿ ಏನೋ ಇದೆ ಎಂದು ಕಣ್ಣು ಕಿರಿದು ಮಾಡಿದರೆ ಏನೂ ಇರುವುದಿಲ್ಲ.

ಮೇರಿಯ ಮನೆಯಲ್ಲಿ ಊಟ. ನನ್ನ ಮಟ್ಟಿಗೆ ಇಡೀ ಚಿತ್ರದ ಅತಿ ಭಯಂಕರ ಭಾಗ ಇದು, ಕೊನೆಯಲ್ಲಿ ಬರುವ ಕತ್ತರಿಯಲ್ಲ. ಸ್ವಲ್ಪ ಕಾಲದಿಂದ ಮುಖ ತೋರಿಸದ ಗೆಳತಿ ಮೇರಿ ಹೆನ್ರಿಯನ್ನು ಅಪ್ಪ ಅಮ್ಮನ ಮನೆಗೆ ಕರೆದಿದ್ದಾಳೆ. ಸೋಫಾದ ಮೇಲೆ ಮೂವರು. ಮೂಲೆಯಲ್ಲಿ ತಾಯಿನಾಯಿ ಮಲಗಿದೆ, ಮರಿಗಳು ಮೊಲೆ ಚೀಪುವ ಸದ್ದು ಮಾತಿಗಿಂತ ಜೋರಾಗಿದೆ. ಏನು ಕೆಲಸ ನಿಮ್ಮದು ಎಂದು ಮೇರಿಯ ಅಮ್ಮ ಕೇಳಿದರೆ ಹೆನ್ರಿ ರಜೆಯಲ್ಲಿದ್ದೇನೆ ಅನ್ನುತ್ತಾನೆ. ಮೇರಿಗೆ ಇದ್ದಕ್ಕಿದ್ದಂತೆ ಸೆಳವು ಬಂದಂತಾಗುತ್ತದೆ. ಅಮ್ಮ ಅವಳ ಗಲ್ಲ ಹಿಡಿದು ತಲೆ ಬಾಚುತ್ತಾಳೆ, ಸೆಳವು ನಿಲ್ಲುತ್ತದೆ, ಮಾತು ಮುಂದುವರಿಯುತ್ತದೆ. ಕೊಳಾಯಿ ಕೆಲಸದ ಅಪ್ಪ ಒಳಗಿಂದ ಬಂದು ತಾನು ಈ ಊರಿಗೆ ಹಾಕಿದ ಪೈಪುಗಳ ಬಗ್ಗೆ, ಕೆಟ್ಟುಹೋದ ಮೊಣಕಾಲಿನ ಬಗ್ಗೆ ಕೂಗಿ ಹೇಳುತ್ತಾನೆ. ಅಡುಗೆಮನೆಯಲ್ಲಿ ಅಜ್ಜಿ ಅಲ್ಲಾಡದೆ ಕೂತಿದ್ದಾಳೆ. ಅಮ್ಮ ಅಜ್ಜಿಯ ತೊಡೆಯ ಮೇಲೆ ಸೊಪ್ಪಿನ ಬಟ್ಟಲಿಟ್ಟು, ಅವಳ ಎರಡೂ ಕೈ ಹಿಡಿದು ಸಲಾಡ್ ಕಲೆಸಿಸುತ್ತಾಳೆ. ಕೆಲಸ ಮುಗಿದ ಮೇಲೆ ಅಜ್ಜಿಯ ಬಾಯಿಗೆ ಸಿಗರೇಟಿಟ್ಟು ಹಚ್ಚುತ್ತಾಳೆ.

ಥಿಯೇಟರಿನಲ್ಲಿ ನಗು ಏಳುತ್ತದೆ. ನೀವೂ ನಗುತ್ತೀರಿ. ಅಳಿಯನಾಗಲಿರುವವನನ್ನು ಮೇಜಿನ ಮುಂದೆ ಕೂರಿಸಿ ತೂಗಿ ನೋಡುವ ಸಂಜೆಗಳು ಎಲ್ಲ ದೇಶದಲ್ಲೂ ಉಂಟಲ್ಲ. ಆಮೇಲೆ ಕೋಳಿ ಬರುತ್ತದೆ. ಮುಷ್ಟಿಗಿಂತ ಚಿಕ್ಕ ಕೋಳಿಗಳು, ಮನುಷ್ಯ ತಯಾರಿಸಿದವು, ಹೊಸ ಮಾಲು ಎಂದು ಅಪ್ಪ ಹಿಗ್ಗಿನಿಂದ ಹೇಳಿ, ತನ್ನ ಕೈಗೆ ಸ್ಪರ್ಶವಿಲ್ಲ, ನೀನೇ ಕೊಯ್ಯಿ ಅನ್ನುತ್ತಾನೆ. ಹೆನ್ರಿ ಫೋರ್ಕ್ ಚುಚ್ಚಿದೊಡನೆ ಬೆಂದ ಕೋಳಿಯ ಪುಟ್ಟ ಕಾಲುಗಳು ಆಡತೊಡಗುತ್ತವೆ, ಕಾಲಿನ ಸಂದಿಯಿಂದ ಕರಿ ರಕ್ತ ಗುಳುಗುಳು ಉಕ್ಕುತ್ತದೆ. ಅಮ್ಮನ ಕಣ್ಣು ಮೇಲೆ ಸಿಕ್ಕಿ, ನಾಲಗೆ ಹೊರಗೆ ಬಂದು, ಅವಳು ಮೇಜು ಬಿಟ್ಟು ಓಡುತ್ತಾಳೆ. ಅಪ್ಪ ಮಾತ್ರ ಅದೇ ನಗು ಹೊತ್ತು ಹೆನ್ರಿಯನ್ನು ನೋಡುತ್ತ ಕೂತೇ ಇರುತ್ತಾನೆ. ಆ ನಗು ಎಷ್ಟು ಹೊತ್ತು ಇರುತ್ತದೆಂದರೆ ಥಿಯೇಟರಿನ ನಗು ಮೊದಲು ಹೆಚ್ಚುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಬೇರೆ ಭಯದ ಚಿತ್ರಗಳು ದೆವ್ವವನ್ನು ಕರೆತರಲು ಒಂದು ಹಾಳು ಬಂಗಲೆ ಹುಡುಕುತ್ತವೆ. ಲಿಂಚ್‌ಗೆ ಬೀಗರ ಮನೆಯ ಊಟದ ಮೇಜೇ ಸಾಕಾಗಿದೆ.

ಹೆನ್ರಿಯನ್ನು ಮೂಲೆಗೆ ಒತ್ತಿ ಅಮ್ಮ ವಿಷಯ ತೆಗೆಯುತ್ತಾಳೆ. ಆಸ್ಪತ್ರೆಯಲ್ಲಿ ಮಗುವಿದೆ. ಮೇರಿ ಅಳುತ್ತ ಅಡ್ಡ ಬಾಯಿ ಹಾಕುತ್ತಾಳೆ: ಅದು ಮಗು ಹೌದೋ ಅಲ್ಲವೋ ಅನ್ನುವುದೇ ಅವರಿಗಿನ್ನೂ ಖಚಿತವಿಲ್ಲ. ಹೆನ್ರಿಯ ಮೂಗಿನಿಂದ ರಕ್ತ ಇಳಿಯುತ್ತದೆ.

ಮುಂದಿನ ದೃಶ್ಯದಲ್ಲಿ ಅದು ಕೋಣೆಯ ಮೇಜಿನ ಮೇಲಿದೆ. ಕುತ್ತಿಗೆಯವರೆಗೆ ಬ್ಯಾಂಡೇಜು ಸುತ್ತಿದ ಮುದ್ದೆ, ಕೈಯಿಲ್ಲ, ಕಾಲಿಲ್ಲ. ತಲೆ ದಿನ ತುಂಬದೆ ಬಿದ್ದ ಕರುವಿನದು. ಕಣ್ಣು ಎರಡು ಬದಿಗಿವೆ, ತೇವದಿಂದ ಹೊಳೆಯುತ್ತವೆ, ಹೊರಳುತ್ತವೆ. ಮೇರಿ ಚಮಚದಲ್ಲಿ ಉಣಿಸಲು ನೋಡುತ್ತಾಳೆ, ಅದು ಉಗುಳುತ್ತದೆ. ಥಿಯೇಟರಿನಲ್ಲಿ ಯಾರೋ ದೇವರನ್ನು ಕರೆಯುತ್ತಾರೆ. ನಿಮಗೆ ಅಸಹ್ಯವಾಗುತ್ತದೆ, ಅದಾದ ಅರೆಗಳಿಗೆಗೆ ಆ ಅಸಹ್ಯಕ್ಕೇ ನಾಚಿಕೆಯಾಗುತ್ತದೆ. ಅದು ಯಾರನ್ನೂ ಕಚ್ಚಲು ಬರುವುದಿಲ್ಲ, ಯಾರ ಮೇಲೂ ಎರಗುವುದಿಲ್ಲ. ಭಯದ ಚಿತ್ರದಲ್ಲಿರುವ ವಿಕಾರ ಜೀವಿ ಮಾಡಬೇಕಾದ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಬಿದ್ದಿದೆ. ಅಳುತ್ತದೆ, ಅಷ್ಟೆ.

ಆ ಅಳು ಇಡೀ ರಾತ್ರಿ. ಸಣ್ಣ ದನಿ, ಮೂಗಿನಿಂದ ಬರುವ ಅಳು, ಮುಗಿಯಿತು ಅನ್ನುವಾಗ ಮತ್ತೆ ಹಿಡಿಯುತ್ತದೆ. ಹೊರಗೆ ಗಾಳಿ, ಒಳಗೆ ರೇಡಿಯೇಟರ್, ಅದರಡಿಯಲ್ಲಿ ಎಂದೂ ನಿಲ್ಲದ ಗುಂಯ್‌ಕಾರ. ಈ ಸದ್ದಿನ ಹಿಂದೆ ಇರುವವನು ಆ್ಯಲನ್ ಸ್ಪ್ಲೆಟ್. ಅವನೂ ಲಿಂಚೂ ತಿಂಗಳುಗಟ್ಟಲೆ ಕೂತು, ಸಿಕ್ಕಿದ್ದನ್ನು ಊದಿ, ತಟ್ಟಿ, ನಿಧಾನಗೊಳಿಸಿ ಕಟ್ಟಿದ ಸದ್ದು ಇದು. ತೊಟ್ಟಿಯ ನೀರಿನಲ್ಲಿ ಬಾಟಲಿ ತೇಲಿಬಿಟ್ಟು, ಅದರೊಳಗೆ ಮೈಕ್ ಇಟ್ಟು ಗಾಳಿ ಊದಿದ್ದೂ ಉಂಟು. ಸ್ಪ್ಲೆಟ್‌ಗೆ ಮುಂದೆ 'ದಿ ಬ್ಲ್ಯಾಕ್ ಸ್ಟಾಲಿಯನ್' ಚಿತ್ರದ ಸದ್ದಿಗಾಗಿ ಆಸ್ಕರಿನ ವಿಶೇಷ ಪ್ರಶಸ್ತಿ ಬರುತ್ತದೆ. ಭಯವಾದಾಗ ಮುಚ್ಚಿಕೊಳ್ಳಲು ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ಪಕ್ಕದ ಕುರ್ಚಿಯ ಹೆಂಗಸು ಮುಖದ ಮೇಲೆ ಸ್ಕಾರ್ಫ್ ಎಳೆದುಕೊಂಡಿದ್ದಾಳೆ, ಆದರೂ ಅಳು ಕೇಳಿದಾಗಲೆಲ್ಲ ಅವಳ ಹೆಗಲು ಬಿಗಿಯುವುದು ನಿಮಗೆ ಕಾಣುತ್ತದೆ.

ಮೇರಿಗೆ ತಡೆಯಲಾಗುವುದಿಲ್ಲ. ಒಂದು ರಾತ್ರಿಯಾದರೂ ನಿದ್ದೆ ಮಾಡಬೇಕು ಎಂದು ಎದ್ದು ಹೊರಡುತ್ತಾಳೆ. ಮಂಚದ ಕೊನೆಯಲ್ಲಿ ಬಗ್ಗಿ ಅಡಿಯಿಂದ ಸೂಟ್‌ಕೇಸ್ ಎಳೆಯುತ್ತಾಳೆ. ಅದು ಸಿಕ್ಕಿಕೊಂಡಿದೆ. ಮಂಚವೇ ಜಗ್ಗಾಡುತ್ತದೆ, ಎಳೆಯುತ್ತಲೇ ಇರುತ್ತಾಳೆ. ನಗಬೇಕೋ ಬೇಡವೋ ತಿಳಿಯದೆ ಮುಂದಿನ ಸಾಲಿನ ಹುಡುಗ ಕೆಮ್ಮುತ್ತಾನೆ. ನಮ್ಮ ಕಡೆಯ ನೋಡುಗನಿಗೆ ಇಲ್ಲೊಂದು ಹೆಚ್ಚಿನ ಇರಿತವಿದೆ. ಹೆತ್ತ ಹುಡುಗಿ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ, ಆದರೆ ಮಗುವನ್ನು ಎತ್ತಿಕೊಂಡು. ಬಾಣಂತನಕ್ಕೆ ಅಲ್ಲಿ ಎಣ್ಣೆ, ಬಿಸಿನೀರು, ಧೂಪದ ಹೊಗೆ, ಗದರುವ ಅಜ್ಜಿ ಎಲ್ಲ ಕಾದಿರುತ್ತದೆ. ಮೇರಿ ಮಗುವನ್ನು ಬಿಟ್ಟು ತವರಿಗೆ ಹೋಗುತ್ತಾಳೆ. ಅಲ್ಲೂ ಅಜ್ಜಿಯಿದ್ದಾಳೆ. ಅವಳ ಬಾಯಿಗೆ ಸಿಗರೇಟನ್ನೂ ಬೇರೆಯವರೇ ಇಡಬೇಕು.

ಈಗ ಕೋಣೆಯಲ್ಲಿ ಅಪ್ಪ, ಮಗು ಇಬ್ಬರೇ. ಅಳು ನಿಂತಿದೆ, ಅದು ಇನ್ನೂ ಕೆಟ್ಟದ್ದು. ಹೆನ್ರಿ ಜ್ವರದ ಕಡ್ಡಿ ಇಟ್ಟು ನೋಡುತ್ತಾನೆ, ಜ್ವರವಿಲ್ಲ. ತಿರುಗಿ ನೋಡುವಷ್ಟರಲ್ಲಿ ಮಗುವಿನ ಮುಖದ ತುಂಬ ಬೊಕ್ಕೆಗಳೆದ್ದಿವೆ, ಉಸಿರು ಗೊರಗುಡುತ್ತಿದೆ. ನೀರಾವಿಯ ಯಂತ್ರ ಹಚ್ಚಿಟ್ಟು ಅದರ ಪಕ್ಕ ಕೂರುತ್ತಾನೆ. ಎದ್ದು ಬಾಗಿಲು ತೆರೆದರೆ ಅಳು, ಮುಚ್ಚಿ ಬಂದು ಕೂತರೆ ಮೌನ. ಈ ಆಟ ಮೂರು ಸಲ ಆಗುವಷ್ಟರಲ್ಲಿ ನಿಮ್ಮೊಳಗೊಂದು ಸಣ್ಣ, ಹೇಳಿಕೊಳ್ಳಲಾಗದ ಬಯಕೆ ತಲೆಯೆತ್ತಿರುತ್ತದೆ: ಇದು ಸುಮ್ಮನಾಗಲಿ. ಹೇಗಾದರೂ ಸರಿ. ಈ ಚಿತ್ರಕ್ಕೆ ಬೇಕಾಗಿದ್ದುದು ನಿಮ್ಮಿಂದ ಅದೊಂದೇ.

ಲಿಂಚ್‌ನ ಮಗಳು ಜೆನ್ನಿಫರ್ 1968ರಲ್ಲಿ ಹುಟ್ಟಿದ್ದು ಒಳಕ್ಕೆ ತಿರುಚಿದ ಪಾದಗಳೊಂದಿಗೆ. ಎಳವೆಯಲ್ಲೇ ಶಸ್ತ್ರಚಿಕಿತ್ಸೆಗಳಾದವು. ಮುಂದೆ ತಾನೂ ನಿರ್ದೇಶಕಿಯಾದ ಆಕೆ, ಈ ಚಿತ್ರದಲ್ಲಿ ತನ್ನ ಹುಟ್ಟಿನ ನೆರಳಿರಬಹುದು ಎಂದಿದ್ದಾಳೆ. ಅಪ್ಪ ಒಪ್ಪಿದವನಲ್ಲ. ಇಪ್ಪತ್ತೆರಡರ ಹರೆಯದಲ್ಲಿ, ಕೈಯಲ್ಲಿ ಕಾಸಿಲ್ಲದೆ, ಅಂಜಿಕೆಯ ಊರಿನಲ್ಲಿ ತಂದೆಯಾದವನು ಮಾಡಿದ ಚಿತ್ರ ಇದು ಎನ್ನುವಷ್ಟನ್ನು ಮಾತ್ರ ನಾನು ಹಿಡಿದುಕೊಳ್ಳುತ್ತೇನೆ. ಉಳಿದ ಅರ್ಥಗಳ ಬೆನ್ನು ಹತ್ತಿದವರು ಬೇಕಾದಷ್ಟಿದ್ದಾರೆ.

ಹೆನ್ರಿ ಮಲಗಿ ರೇಡಿಯೇಟರಿನ ಕಡೆ ದಿಟ್ಟಿಸುತ್ತಾನೆ. ಅದರೊಳಗೆ ಬೆಳಕು ಹತ್ತುತ್ತದೆ, ಪುಟ್ಟ ರಂಗಮಂಚ ಕಾಣುತ್ತದೆ. ಕೆನ್ನೆ ಎರಡೂ ಊದಿಕೊಂಡ ಹೆಂಗಸು ನಾಚಿಕೆಯಿಂದ ನಗುತ್ತ ಅಡ್ಡ ಹೆಜ್ಜೆ ಹಾಕುತ್ತಾಳೆ. ಮೇಲಿಂದ ಬಿಳಿ ಹುಳುಗಳು ಬೀಳುತ್ತವೆ, ಅವನ್ನು ಕಾಲಲ್ಲಿ ಹೊಸಕುತ್ತ ನಗುತ್ತಲೇ ಇರುತ್ತಾಳೆ. ಆಮೇಲೊಮ್ಮೆ ಸ್ವರ್ಗದ ಬಗ್ಗೆ ಹಾಡುತ್ತಾಳೆ, ಮಕ್ಕಳ ಜೋಗುಳದಷ್ಟು ಸರಳವಾಗಿ. ಮೂಲ ಚಿತ್ರಕಥೆಯಲ್ಲಿ ಅವಳಿರಲಿಲ್ಲ, ಚಿತ್ರೀಕರಣ ನಡೆಯುತ್ತಿರುವಾಗ ಬಂದು ಸೇರಿಕೊಂಡವಳು. ಲಿಂಚ್ ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಹಿಡಿದದ್ದೂ ಅದೇ ವರ್ಷಗಳಲ್ಲಿ, 1973ರಲ್ಲಿ. ಎರಡಕ್ಕೂ ಗಂಟು ಹಾಕಲು ಆಸೆಯಾಗುತ್ತದೆ. ಹಾಕಿದರೆ ಹೆಂಗಸಿನ ಕೆನ್ನೆಗಳ ವಿವರಣೆ ಹೇಗೆ?

ಎದುರು ಕೋಣೆಯ ಚೆಲುವೆ ಒಂದು ರಾತ್ರಿ ಬಂದು ಹೋಗುತ್ತಾಳೆ. ಹೆನ್ರಿಯ ತಲೆ ಕಳಚಿ ಉರುಳಿ, ಅವನ ಕೊರಳಪಟ್ಟಿಯಿಂದ ಮಗುವಿನ ತಲೆ ಮೇಲೇಳುತ್ತದೆ. ಕಳಚಿದ ತಲೆ ಬೀದಿಗೆ ಬಿದ್ದು, ಅದನ್ನೊಬ್ಬ ಹುಡುಗ ಎತ್ತಿಕೊಂಡು ಪೆನ್ಸಿಲ್ ಕಾರ್ಖಾನೆಗೆ ಓಡುತ್ತಾನೆ. ಯಂತ್ರದವನು ತಲೆಯಿಂದ ಒಂದು ಚೂರು ಕೊರೆದು, ಪೆನ್ಸಿಲಿನ ತುದಿಯ ರಬ್ಬರು ಮಾಡಿ, ಕಾಗದದ ಮೇಲೆ ಗೆರೆಯೆಳೆದು ಅಳಿಸಿ ನೋಡಿ, ಮಾಲು ಚೆನ್ನಾಗಿದೆ ಎಂದು ಒಪ್ಪುತ್ತಾನೆ. ಹುಡುಗನಿಗೆ ದುಡ್ಡು ಎಣಿಸಿ ಕೊಡುತ್ತಾರೆ. ಚಿತ್ರದ ಹೆಸರು ಬಂದದ್ದು ಇಲ್ಲಿಂದ. ಇಡೀ ಚಿತ್ರದಲ್ಲಿ ಒಂದು ಕೆಲಸ ಸಲೀಸಾಗಿ, ಯಾರಿಗೂ ತೊಂದರೆಯಾಗದೆ ಮುಗಿಯುವುದು ಇದೊಂದೇ ಜಾಗದಲ್ಲಿ.

ಎಚ್ಚರವಾದ ಹೆನ್ರಿ ಚೆಲುವೆಯನ್ನು ಹುಡುಕಿ ಬಾಗಿಲು ತೆರೆದರೆ ಅವಳು ಇನ್ನೊಬ್ಬನ ಜೊತೆ ನಿಂತಿದ್ದಾಳೆ. ಹಿಂದಿನಿಂದ ಮಗು ಕಕ್ಕಕ್ಕನೆ ನಗುತ್ತದೆ. ಹೆನ್ರಿ ಕತ್ತರಿ ತೆಗೆದುಕೊಳ್ಳುತ್ತಾನೆ.

ಈಗ ಥಿಯೇಟರಿನಲ್ಲಿ ಕೆಮ್ಮೂ ಇಲ್ಲ. ಬ್ಯಾಂಡೇಜಿನ ಕೆಳತುದಿಗೆ ಕತ್ತರಿ ಹಾಕಿ ಮೇಲಕ್ಕೆ ಕತ್ತರಿಸುತ್ತ ಹೋಗುತ್ತಾನೆ. ಬಟ್ಟೆ ಸೀಳುವ ಸದ್ದು, ಮಗುವಿನ ಏದುಸಿರು. ಬ್ಯಾಂಡೇಜು ಎರಡು ಬದಿಗೆ ಬಿಚ್ಚಿಕೊಳ್ಳುತ್ತದೆ, ಅದರಡಿಯಲ್ಲಿ ಚರ್ಮವಿಲ್ಲ. ಆ ಬಟ್ಟೆಯೇ ಇಷ್ಟು ದಿನ ಚರ್ಮವಾಗಿತ್ತು. ಒಳಗಿನ ಅಂಗಗಳೆಲ್ಲ ಬಯಲಿಗೆ ಬಿದ್ದು ಮಿಡಿಯುತ್ತಿವೆ. ಮಗುವಿನ ಕಣ್ಣು ಅಪ್ಪನ ಕಡೆ ಹೊರಳುತ್ತದೆ. ನೀವು ಆ ಕತ್ತರಿಯನ್ನು ತಡೆಯಲು ಬಯಸುತ್ತೀರಿ, ಅದೇ ಉಸಿರಿನಲ್ಲಿ ಬೇಗ ಮುಗಿಸಲಿ ಎಂದೂ ಬಯಸುತ್ತೀರಿ. ಕತ್ತರಿ ಚುಚ್ಚುತ್ತದೆ. ರಕ್ತ ಚಿಮ್ಮಿ, ಆಮೇಲೆ ಹಿಟ್ಟಿನ ಗಂಜಿಯಂಥ ದಪ್ಪನೆಯ ನೊರೆ ಮೇಜು ಮುಚ್ಚುವಷ್ಟು ಉಕ್ಕುತ್ತದೆ. ಗೋಡೆಯ ಪ್ಲಗ್ಗಿನಿಂದ ಕಿಡಿ ಹಾರುತ್ತದೆ, ದೀಪ ಆರಿ ಹೊತ್ತುತ್ತದೆ, ಮಗುವಿನ ತಲೆ ಕೋಣೆಯಷ್ಟು ದೊಡ್ಡದಾಗಿ ಕತ್ತಲೆಯಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣುತ್ತದೆ. ಬಾಲ್ಕನಿಯಿಂದ ಯಾರೋ ಧಡಧಡನೆ ಇಳಿದು ಹೋಗುತ್ತಾರೆ. ಗ್ರಹ ಸಿಡಿಯುತ್ತದೆ, ಗಾಯದ ಮನುಷ್ಯ ಕಿಡಿಗಳ ನಡುವೆ ಲಿವರ್ ಹಿಡಿದು ಒದ್ದಾಡುತ್ತಾನೆ. ಆಮೇಲೆ ಪರದೆಯೆಲ್ಲ ಬಿಳಿ. ರೇಡಿಯೇಟರಿನ ಹೆಂಗಸು ಹೆನ್ರಿಯನ್ನು ತಬ್ಬುತ್ತಾಳೆ. ಅವನು ಕಣ್ಣು ಮುಚ್ಚುತ್ತಾನೆ. ಸದ್ದು ಏರಿ, ಏರಿ, ಫಕ್ಕನೆ ನಿಲ್ಲುತ್ತದೆ.

ತನ್ನ ಚಿತ್ರಗಳಲ್ಲೆಲ್ಲ ಅತ್ಯಂತ ಆಧ್ಯಾತ್ಮಿಕವಾದದ್ದು ಇದು ಎಂದು ಲಿಂಚ್ ಹೇಳುತ್ತಿದ್ದ. ಬೈಬಲಿನ ಒಂದು ವಾಕ್ಯ ಓದಿದಾಗ ಇಡೀ ಚಿತ್ರ ತನಗೆ ಬಿಡಿಸಿಕೊಂಡಿತು ಅಂದ, ಯಾವ ವಾಕ್ಯ ಎಂದು ಬಾಯಿ ಬಿಡಲಿಲ್ಲ. ಇರಲಿ. ಆ ಬಿಳಿ ಬೆಳಕನ್ನು ಬಿಡುಗಡೆ ಎಂದು ಒಪ್ಪಲು ನನ್ನಿಂದಾಗಿಲ್ಲ. ಹೆನ್ರಿಗೆ ಸಿಕ್ಕ ತಂಪಿನ ಬೆಲೆ ಮೇಜಿನ ಮೇಲೆ ಇನ್ನೂ ಹಾಗೇ ಬಿದ್ದಿದೆ. ಚಿತ್ರ ಅದನ್ನು ಮರೆತರೂ ನಾನು ಮರೆಯಬೇಕಿಲ್ಲ. ಆದರೆ ಇಂಥ ಜಗಳವನ್ನು ನೋಡುಗನಿಗೆ ಹಚ್ಚಿ ಸುಮ್ಮನಾಗುವ ಧೈರ್ಯ ಬಹಳ ಚಿತ್ರಗಳಿಗಿಲ್ಲ ಎನ್ನುವುದನ್ನೂ ಒಪ್ಪಬೇಕು. ಸ್ಟ್ಯಾನ್ಲಿ ಕುಬ್ರಿಕ್ 'ದಿ ಶೈನಿಂಗ್' ತೆಗೆಯುವಾಗ ತನ್ನ ತಂಡಕ್ಕೆ ಇದನ್ನು ತೋರಿಸಿ, ತನಗೆ ಬೇಕಾದ ಮನಸ್ಥಿತಿ ಇದು ಎಂದ. ಹಾಸ್ಯಚಿತ್ರಗಳ ಮೆಲ್ ಬ್ರೂಕ್ಸ್ ಇದನ್ನು ನೋಡಿ ಹೊರಬಂದವನೇ ಲಿಂಚ್‌ನನ್ನು ತಬ್ಬಿಕೊಂಡು, ವಿಕಾರ ದೇಹದ ಮನುಷ್ಯನೊಬ್ಬನ ಕತೆಯನ್ನೇ ಅವನ ಕೈಗಿಟ್ಟ. ಆ 'ಎಲಿಫೆಂಟ್ ಮ್ಯಾನ್' ಇದೇ ವರ್ಷದ ಅಕ್ಟೋಬರಿನಲ್ಲಿ ಬರಲಿದೆ. ಅದೂ ಕಪ್ಪುಬಿಳುಪು, ಸದ್ದೂ ಸ್ಪ್ಲೆಟ್‌ನದೇ. ಜನ ಅದಕ್ಕೆ ಕರವಸ್ತ್ರ ತೆಗೆದು ಅಳುತ್ತಾರೆ.

ಇಲ್ಲಿ ಯಾರೂ ಅತ್ತಿಲ್ಲ. ಆಟ ಮುಗಿದು ಹೊರಬಂದು, ಮೂಲೆಯ ಪಿಜ್ಜಾ ಅಂಗಡಿಯ ಕಟ್ಟೆಗೆ ಒರಗಿ ನಿಂತವರಲ್ಲಿ ವಾದ ಹತ್ತಿದೆ. ಆ ಮಗುವನ್ನು ಮಾಡಿದ್ದು ಯಾವುದರಿಂದ? ಒಬ್ಬ ಕರುವಿನ ಭ್ರೂಣ ಅನ್ನುತ್ತಾನೆ, ಇನ್ನೊಬ್ಬ ರಬ್ಬರು ಅನ್ನುತ್ತಾನೆ. ತಂಡದವರು ಅದನ್ನು ಸ್ಪೈಕ್ ಎಂದು ಕರೆಯುತ್ತಿದ್ದರು. ಅದು ಏನು, ಹೇಗೆ ಎಂಬುದನ್ನು ಲಿಂಚ್ 2025ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಬಾಯಿಬಿಟ್ಟು ಹೇಳಲಿಲ್ಲ. ಹಾಗಾಗಿ ಈ ವಾದಕ್ಕೆ ಕೊನೆಯಿಲ್ಲ. ಕರು ಅಂದವನು ಪಿಜ್ಜಾದ ಎಣ್ಣೆಯನ್ನು ಕಾಗದದಿಂದ ಒತ್ತಿ ತೆಗೆಯುತ್ತ ಗೆಳೆಯನಿಗೆ ಹೇಳುತ್ತಾನೆ:

"ಮುಂದಿನ ವಾರ ಹೆಂಡತೀನ ಕರ್ಕೊಂಡು ಬಾರೋ."

"ಅವಳಿಗೆ ಏಳು ತಿಂಗಳು."

"ಹಾಗಾದ್ರೆ ಬೇಡ ಬಿಡು."

"ಅವಳು ಬೇಡ. ನಾನು ಬರ್ತೀನಿ."